ಒಳಾಂಗಣ ವಿನ್ಯಾಸ: ಕಾಲೇಜಿನ ನಂತರ ವೃತ್ತಿ ಕಟ್ಟುವ ಬಗೆ (ಅರಿಶಿನಕುಂಟೆ, ನೆಲಮಂಗಲ ಭಾಗದ ಯುವಜನರಿಗೆ)

ಪ್ರಥಮ ತೀರ್ಥಂಕರ ಭಗವಾನ್ ಆದಿನಾಥರು ಕರ್ಮಭೂಮಿಯ ಆರಂಭದಲ್ಲಿ ಜನರಿಗೆ ಜೀವನೋಪಾಯವಾಗಿ ಆರು ಕರ್ಮಗಳನ್ನು ಬೋಧಿಸಿದರೆಂದು ಜೈನ ಪುರಾಣಗಳು ಹೇಳುತ್ತವೆ. ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ ಮತ್ತು ಶಿಲ್ಪ ಆ ಆರು ಕರ್ಮಗಳು. ಕರ್ನಾಟಕದ ಜೈನ ಕುಟುಂಬಗಳಲ್ಲಿ ಕೃಷಿ ಮತ್ತು ವಾಣಿಜ್ಯವನ್ನು ನೆಚ್ಚಿಕೊಂಡವರು ಹೆಚ್ಚು. ಶಿಲ್ಪವೂ ವಾಣಿಜ್ಯವೂ ಕೂಡುವ ಇಂದಿನ ವೃತ್ತಿಗಳಲ್ಲಿ ಒಳಾಂಗಣ ವಿನ್ಯಾಸ, ಅಂದರೆ ಇಂಟೀರಿಯರ್ ಡಿಸೈನ್, ಒಂದು. ಮನೆ, ಅಂಗಡಿ, ಕಚೇರಿಗಳ ಒಳಗಿನ ಜಾಗವನ್ನು ಬಳಸುವವರ ಅಗತ್ಯಕ್ಕೆ ತಕ್ಕಂತೆ ಯೋಜಿಸಿ, ಮರಗೆಲಸ, ಬೆಳಕು, ನೆಲ, ಬಣ್ಣ, ಪೀಠೋಪಕರಣಗಳನ್ನು ಹೊಂದಿಸುವ ಕೆಲಸ ಇದು.

ಈ ಓದಿಗೆ ಕುಟುಂಬಗಳು ಲಕ್ಷಗಟ್ಟಲೆ ಹಣ ಹಾಕುತ್ತವೆ. ಓದು ಮುಗಿದ ಮೇಲೆ ಕೆಲವರು ಕಡಿಮೆ ಸಂಬಳಕ್ಕೆ ಬೇಸತ್ತು ಬೇರೆ ಕೆಲಸಕ್ಕೆ ಹೋಗುತ್ತಾರೆ. ಇನ್ನು ಕೆಲವರು ಆರು ತಿಂಗಳಲ್ಲೇ ಸ್ವಂತವಾಗಿ ಕೆಲಸ ಹಿಡಿದು, ಮೊದಲ ಎರಡು ಮನೆಗಳಲ್ಲೇ ಕೈಯಿಂದ ಹಣ ಕಳೆದುಕೊಳ್ಳುತ್ತಾರೆ. ಎರಡಕ್ಕೂ ಸಾಮಾನ್ಯ ಕಾರಣ ಒಂದೇ: ಚಿತ್ರ ಬಿಡಿಸುವುದು ಬರುತ್ತದೆ, ಅಳತೆ, ಅಂದಾಜು ಮತ್ತು ವಸ್ತುವಿನ ಜ್ಞಾನ ಬಂದಿರುವುದಿಲ್ಲ. ಈ ಮೂರನ್ನು ಕಲಿತು, ಅವುಗಳಲ್ಲಿ ಪ್ರಾಮಾಣಿಕರೆಂದು ಹೆಸರು ಪಡೆದವರಿಗೆ ಕೆಲಸ ಹುಡುಕಿಕೊಂಡು ಬರುತ್ತದೆ.

ಪದವಿ ಮತ್ತು ಕಾನೂನು

ಒಳಾಂಗಣ ವಿನ್ಯಾಸಕ್ಕೆ ಬರುವವರು ಸಾಮಾನ್ಯವಾಗಿ ಮೂರು ದಾರಿಗಳಿಂದ ಬರುತ್ತಾರೆ: ವಿನ್ಯಾಸದ ಪದವಿ, ಒಂದೆರಡು ವರ್ಷದ ಡಿಪ್ಲೊಮಾ, ಮತ್ತು ವಾಸ್ತುಶಿಲ್ಪದ ಪದವಿ. ಬಿ.ಕಾಂ. ಅಥವಾ ಬಿಬಿಎ ಮುಗಿಸಿ, ಮನೆಯ ಪ್ಲೈವುಡ್ ಅಥವಾ ಹಾರ್ಡ್‌ವೇರ್ ಅಂಗಡಿಯ ಅನುಭವದೊಂದಿಗೆ ಡಿಪ್ಲೊಮಾ ಮಾಡುವವರೂ ಇದ್ದಾರೆ.

ವೈದ್ಯರಿಗೆ, ವಕೀಲರಿಗೆ ಇರುವಂಥ ನೋಂದಣಿ ಕಾನೂನು ಒಳಾಂಗಣ ವಿನ್ಯಾಸಕರಿಗೆ ಇಲ್ಲ. ಆದರೆ 1972ರ ವಾಸ್ತುಶಿಲ್ಪಿಗಳ ಕಾಯ್ದೆಯ ಪ್ರಕಾರ, ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿಯಾಗದವರು ತಮ್ಮನ್ನು ‘ಆರ್ಕಿಟೆಕ್ಟ್’ ಎಂದು ಕರೆದುಕೊಳ್ಳುವಂತಿಲ್ಲ. 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಆ ಕಾಯ್ದೆಯ ನಿರ್ಬಂಧ ಹೆಸರಿನ ಬಳಕೆಗೆ ಸಂಬಂಧಿಸಿದ್ದು ಎಂದು ಹೇಳಿದೆ. ಆದ್ದರಿಂದ ವಿಸಿಟಿಂಗ್ ಕಾರ್ಡಿನಲ್ಲಿ ‘ಇಂಟೀರಿಯರ್ ಡಿಸೈನರ್’ ಎಂದು ಮಾತ್ರ ಬರೆಯಬೇಕು. ಗೋಡೆ ಒಡೆಯುವುದು, ಬೀಮ್ ಅಥವಾ ಕಂಬ ಮುಟ್ಟುವುದು ಇದ್ದರೆ ಸ್ಟ್ರಕ್ಚರಲ್ ಎಂಜಿನಿಯರ್ ಅಭಿಪ್ರಾಯವನ್ನು ಬರವಣಿಗೆಯಲ್ಲಿ ಪಡೆಯಬೇಕು.

ವೃತ್ತಿಪರರ ಸಂಘಟನೆಯಾಗಿ 1972ರಲ್ಲಿ ಸ್ಥಾಪನೆಯಾದ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಇಂಟೀರಿಯರ್ ಡಿಸೈನರ್ಸ್ ಇದೆ. ಬೆಂಗಳೂರಿನಲ್ಲಿಯೂ ಅದರ ಶಾಖೆ ಇದೆ. ಹಿರಿಯ ವಿನ್ಯಾಸಕರ ಪರಿಚಯಕ್ಕೆ ಇಂಥ ವೇದಿಕೆಗಳು ಉಪಯುಕ್ತ.

ಅರಿಶಿನಕುಂಟೆಯ ಅನುಕೂಲ

ಅರಿಶಿನಕುಂಟೆ ತುಮಕೂರು ರಸ್ತೆಯಲ್ಲಿ, ನೆಲಮಂಗಲ ಪಟ್ಟಣಕ್ಕೆ ಹೊಂದಿಕೊಂಡಿರುವ ಊರು. ಹಿಂದೆ ಗ್ರಾಮ ಪಂಚಾಯಿತಿಯಾಗಿದ್ದ ಇದು ಈಗ ನೆಲಮಂಗಲ ನಗರಸಭೆಯ ವ್ಯಾಪ್ತಿಗೆ ಸೇರಿದೆ. ಮುಂಬೈ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 48 ಮತ್ತು ಶ್ರವಣಬೆಳಗೊಳ, ಹಾಸನ, ಮಂಗಳೂರು ಕಡೆಗೆ ಹೋಗುವ ಹೆದ್ದಾರಿ 75 ನೆಲಮಂಗಲದಲ್ಲಿ ಕವಲೊಡೆಯುತ್ತವೆ.

ಕಲಿಯುವವರಿಗೆ ಈ ರಸ್ತೆಯೇ ಒಂದು ಶಾಲೆ. ಬೆಂಗಳೂರಿನ ಕಡೆ ಹೊರಟರೆ ಮಾದಾವರದಲ್ಲಿ ಬೆಂಗಳೂರು ಅಂತರರಾಷ್ಟ್ರೀಯ ವಸ್ತುಪ್ರದರ್ಶನ ಕೇಂದ್ರವಿದೆ. ಮರಗೆಲಸದ ಯಂತ್ರ ಮತ್ತು ಸಾಮಗ್ರಿಗಳ ‘ಇಂಡಿಯಾವುಡ್’ ಮೇಳ 2024ರ ಫೆಬ್ರುವರಿಯಲ್ಲಿ ಅಲ್ಲೇ ನಡೆಯಿತು. ನಾಗಸಂದ್ರದಲ್ಲಿ 2022ರ ಜೂನ್‌ನಲ್ಲಿ ಐಕಿಯಾ ಮಳಿಗೆ ತೆರೆದಿದೆ. 2024ರ ನವೆಂಬರ್‌ನಿಂದ ನಮ್ಮ ಮೆಟ್ರೊ ಹಸಿರು ಮಾರ್ಗ ಮಾದಾವರದವರೆಗೆ ಬಂದಿದೆ. ಮರಗೆಲಸದ ಯಂತ್ರ ತಯಾರಿಸುವ ಇಟಲಿಯ ಬಿಯೆಸ್ಸೆ ಕಂಪನಿಯ ಘಟಕ ಇದೇ ತಾಲ್ಲೂಕಿನ ಸೊಂಡೆಕೊಪ್ಪ ರಸ್ತೆಯ ಜಕ್ಕಸಂದ್ರದಲ್ಲಿದೆ. ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಆಧುನಿಕ ಮರಗೆಲಸದ ತರಬೇತಿ ಕೇಂದ್ರವಿದೆ.

ಇಲ್ಲಿನ ಗ್ರಾಹಕರೂ ಬೇರೆ ಬಗೆಯವರು. ದೊಡ್ಡ ಅಪಾರ್ಟ್‌ಮೆಂಟ್‌ಗಳಲ್ಲಿ ಒಂದೇ ನಕ್ಷೆಯ ನೂರಾರು ಮನೆಗಳಿರುತ್ತವೆ. ಬಡಾವಣೆಯ ಸೈಟುಗಳಲ್ಲಿ ಮಾಲೀಕರು ಮೇಸ್ತ್ರಿ ಅಥವಾ ಕಂಟ್ರಾಕ್ಟರ್ ಮೂಲಕ ತಾವೇ ನಿಂತು ಮನೆ ಕಟ್ಟಿಸುತ್ತಾರೆ. ಒಂದು ಮಹಡಿ ತಮಗೆ, ಉಳಿದದ್ದು ಬಾಡಿಗೆಗೆ. ಕಟ್ಟಡದ ಖರ್ಚು ಅಂದಾಜು ಮೀರಿದ ಮೇಲೆ ಉಳಿದ ಹಣದಲ್ಲಿ ಮರಗೆಲಸ, ಅದೂ ಗೃಹಪ್ರವೇಶದ ಮುಹೂರ್ತಕ್ಕೆ ಮೊದಲು ಮುಗಿಯಬೇಕು. ಇಂಥ ಮನೆಗೆ ವಿನ್ಯಾಸಕರನ್ನು ಕೊನೆಯಲ್ಲಿ ಕರೆದರೆ ಅವರಿಂದ ಹೆಚ್ಚು ಉಪಯೋಗವಿಲ್ಲ. ಪ್ಲಾಸ್ಟರಿಂಗ್‌ಗೆ ಮೊದಲೇ, ವೈರಿಂಗ್ ಪೈಪು ಹಾಕುವ ಹಂತದಲ್ಲಿ ಕರೆದರೆ ಸ್ವಿಚ್ಚು, ನೀರಿನ ಪಾಯಿಂಟು, ಅಡುಗೆಮನೆಯ ಕಟ್ಟೆ, ಬಾಗಿಲು ತೆರೆಯುವ ದಿಕ್ಕು ಎಲ್ಲವನ್ನೂ ಖರ್ಚಿಲ್ಲದೆ ಸರಿಪಡಿಸಬಹುದು. ಹೊಸಬರು ಈ ಭಾಗದಲ್ಲಿ ಮಾರಬಹುದಾದ ಮೊದಲ ಸೇವೆ ಇದೇ: ಮರಗೆಲಸದ ಗುತ್ತಿಗೆಯಿಲ್ಲದೆ, ಸಣ್ಣ ಶುಲ್ಕಕ್ಕೆ ಪೀಠೋಪಕರಣ ಮತ್ತು ವಿದ್ಯುತ್ ಪಾಯಿಂಟುಗಳ ನಕ್ಷೆ. ಇದರಲ್ಲಿ ಬಂಡವಾಳದ ಅಪಾಯವಿಲ್ಲ, ಮಾಲೀಕರ ಪರಿಚಯವೂ ಬೆಳೆಯುತ್ತದೆ.

ಮೊದಲ ಎರಡು ಮೂರು ವರ್ಷ ಎಲ್ಲಿ?

ಹೊಸಬರಿಗೆ ಮುಖ್ಯವಾಗಿ ಮೂರು ಬಗೆಯ ಕೆಲಸ ಸಿಗುತ್ತದೆ. ಮೊದಲನೆಯದು ವಾಸ್ತುಶಿಲ್ಪಿ ಅಥವಾ ಹಿರಿಯ ವಿನ್ಯಾಸಕರ ಸಣ್ಣ ಕಚೇರಿ. ಸಂಬಳ ಕಡಿಮೆ, ಆದರೆ ಗ್ರಾಹಕರ ಮಾತುಕತೆಯಿಂದ ಕೊನೆಯ ಬಿಲ್ಲಿನವರೆಗೆ ಎಲ್ಲವೂ ಕಣ್ಣಿಗೆ ಬೀಳುತ್ತದೆ. ಎರಡನೆಯದು 2014ರಲ್ಲಿ ಆರಂಭವಾದ ಲಿವ್‌ಸ್ಪೇಸ್, ಹೋಮ್‌ಲೇನ್‌ನಂಥ ದೊಡ್ಡ ಕಂಪನಿಗಳು. ಅಲ್ಲಿ ತಂತ್ರಾಂಶ, ಪ್ರಸ್ತಾವನೆ, ಸಮಯಪಾಲನೆಯ ಶಿಸ್ತು ಕಲಿಯಬಹುದು. ಇಂಥ ದೊಡ್ಡ ವ್ಯವಸ್ಥೆಗಳಲ್ಲಿ ವಿನ್ಯಾಸ ಮಾಡುವವರು ಬೇರೆ, ಸೈಟ್ ನೋಡುವವರು ಬೇರೆ ಇರುವುದು ಸಾಮಾನ್ಯ. ಮೂರನೆಯದು ಪೀಣ್ಯ, ದಾಬಸ್‌ಪೇಟೆ ಮತ್ತು ಈ ರಸ್ತೆಯುದ್ದಕ್ಕೂ ಇರುವ ಮಾಡ್ಯುಲರ್ ಕಿಚನ್, ಪೀಠೋಪಕರಣಗಳ ವರ್ಕ್‌ಶಾಪ್.

ಪದವೀಧರರು ವರ್ಕ್‌ಶಾಪನ್ನು ಕೀಳೆಂದು ನೋಡುವುದುಂಟು. ಆದರೆ ಹಲಗೆ ಹೇಗೆ ಕತ್ತರಿಸುತ್ತಾರೆ, ಎಡ್ಜ್ ಬ್ಯಾಂಡಿಂಗ್ ಎಲ್ಲಿ ಬಿಡುತ್ತದೆ, ಹಿಂಜ್‌ಗೆ ತೂತು ಎಲ್ಲಿ ಕೊರೆಯಬೇಕು ಎಂಬುದು ಅಲ್ಲಿ ಆರು ತಿಂಗಳಲ್ಲಿ ತಿಳಿಯುತ್ತದೆ. ಅದಿಲ್ಲದೆ ಮುಂದೆ ಕಾರ್ಪೆಂಟರ್ ಹೇಳಿದ್ದನ್ನೆಲ್ಲ ಒಪ್ಪಬೇಕಾಗುತ್ತದೆ. ಸೈಟುಗಳಲ್ಲಿ ರಾಜಸ್ಥಾನ, ಉತ್ತರ ಪ್ರದೇಶ, ಬಿಹಾರದಿಂದ ಬಂದ ಕಾರ್ಪೆಂಟರ್‌ಗಳೂ ಬಹಳ. ಮನೆಯಲ್ಲಿ ಮಾರ್ವಾಡಿ ಅಥವಾ ಹಿಂದಿ ಮಾತಾಡುವ ಯುವಕ ಯುವತಿಯರಿಗೆ ಅದು ಅನುಕೂಲ. ಮಾಲೀಕರು, ಮೇಸ್ತ್ರಿ, ಎಲೆಕ್ಟ್ರಿಷಿಯನ್ ಜೊತೆ ವ್ಯವಹರಿಸಲು ಕನ್ನಡ ಚೆನ್ನಾಗಿ ಬರಲೇಬೇಕು.

ಅಂದಾಜು ತಪ್ಪುವುದು ಎಲ್ಲಿ?

ಮರಗೆಲಸದ ಬೆಲೆಯನ್ನು ಚದರ ಅಡಿ ಲೆಕ್ಕದಲ್ಲಿ ಹೇಳುವುದು ರೂಢಿ. ಸಾಮಾನ್ಯವಾಗಿ ಮುಂಭಾಗದ ಅಳತೆಯನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತಾರೆ. ಒಂದು ಉದಾಹರಣೆ ನೋಡಬಹುದು.

7 ಅಡಿ ಅಗಲ, 7 ಅಡಿ ಎತ್ತರ, 2 ಅಡಿ ಆಳದ ವಾರ್ಡ್‌ರೋಬ್‌ನ ಮುಂಭಾಗ 49 ಚದರ ಅಡಿ. ಅದಕ್ಕೆ ಬೇಕಾಗುವ 18 ಮಿ.ಮೀ. ಹಲಗೆಯ ಲೆಕ್ಕ ಹೀಗಿದೆ:

- ಎರಡು ಬದಿಗಳು: 28 ಚದರ ಅಡಿ
- ಮೇಲೆ ಮತ್ತು ಕೆಳಗೆ: 28 ಚದರ ಅಡಿ
- ನಡುವಿನ ಒಂದು ಅಡ್ಡಗೋಡೆ: 14 ಚದರ ಅಡಿ
- ಮೂರೂವರೆ ಅಡಿ ಉದ್ದದ 5 ಶೆಲ್ಫ್: 35 ಚದರ ಅಡಿ
- ಬಾಗಿಲುಗಳು: 49 ಚದರ ಅಡಿ

ಒಟ್ಟು 154 ಚದರ ಅಡಿ. 8×4 ಅಡಿಯ ಒಂದು ಹಲಗೆ 32 ಚದರ ಅಡಿ. ಅಂದರೆ ಸುಮಾರು 5 ಹಲಗೆ, ತುಂಡುಗಳಲ್ಲಿ ಹೋಗುವ ನಷ್ಟ ಸೇರಿಸಿದರೆ 6. ಹಿಂಬದಿಗೆ ತೆಳು ಹಲಗೆ ಇನ್ನೂ 2 ಬೇಕು. ಸನ್‌ಮೈಕಾ, ಒಳಗಿನ ಲೈನರ್, ಹಿಂಜ್, ಚಾನೆಲ್, ಹ್ಯಾಂಡಲ್, ಕೂಲಿ, ಸಾಗಣೆ ಬೇರೆ. ಒಳಗೆ ಡ್ರಾಯರ್ ಹೆಚ್ಚಾದರೆ ಮುಂಭಾಗದ 49 ಅಡಿ ಬದಲಾಗುವುದಿಲ್ಲ, ಖರ್ಚು ಮಾತ್ರ ಏರುತ್ತದೆ. ಹೊಸಬರ ನಷ್ಟ ಹೆಚ್ಚಾಗಿ ಆಗುವುದು ಇಲ್ಲೇ. ಆದ್ದರಿಂದ ಚದರ ಅಡಿ ದರ ಹೇಳುವ ಮೊದಲು ಪ್ರತಿಯೊಂದು ವಸ್ತುವಿಗೂ ಕಟಿಂಗ್ ಲಿಸ್ಟ್ ಬರೆಯುವ ಅಭ್ಯಾಸ ಬೇಕು. ಒಳಗೆ ಎಷ್ಟು ಡ್ರಾಯರ್, ಎಷ್ಟು ಶೆಲ್ಫ್ ಎಂಬುದು ಅಂದಾಜು ಪಟ್ಟಿಯಲ್ಲೇ ಇರಬೇಕು.

ಅಳತೆಯ ವಿಷಯದಲ್ಲಿ ಇನ್ನೊಂದು ಎಚ್ಚರ. ಗೋಡೆಗಳು ಪೂರ್ತಿ ಮಟ್ಟವಾಗಿರುವುದು ಅಪರೂಪ. ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳತೆ ತೆಗೆದು, ಅವುಗಳಲ್ಲಿ ಚಿಕ್ಕದನ್ನು ಹಿಡಿದು ವಿನ್ಯಾಸ ಮಾಡಬೇಕು. ಅಳತೆ ತೆಗೆಯುವುದು ಟೈಲ್ಸ್ ಹಾಕಿದ ಮೇಲೆ, ಮೊದಲಲ್ಲ.

ಹಲಗೆಯ ದರ್ಜೆ ಮತ್ತು ಅಚೌರ್ಯ ವ್ರತ

ಗ್ರಾಹಕರಿಗೆ ಕಾಣದ ವಸ್ತು ಪ್ಲೈವುಡ್. ಮೇಲೆ ಸನ್‌ಮೈಕಾ ಅಂಟಿಸಿದರೆ ಒಳಗೆ ಯಾವುದಿದೆ ಎಂದು ತಿಳಿಯುವುದಿಲ್ಲ. ಸಾಮಾನ್ಯ ಬಳಕೆಯ ಪ್ಲೈವುಡ್‌ಗೆ ಭಾರತೀಯ ಮಾನಕ ಐಎಸ್ 303, ಮರೈನ್ ಪ್ಲೈವುಡ್‌ಗೆ ಐಎಸ್ 710. ಐಎಸ್ 303ರ ಎಂಆರ್ ದರ್ಜೆ ತೇವವನ್ನು ಸ್ವಲ್ಪ ತಡೆಯುತ್ತದೆ, ನೀರನ್ನು ತಡೆಯುವುದಿಲ್ಲ. ಐಎಸ್ 710ರ ಹಲಗೆ 72 ಗಂಟೆ ಕುದಿಯುವ ನೀರಿನ ಪರೀಕ್ಷೆಯನ್ನು ತಾಳಬೇಕು. ಮಲಗುವ ಕೋಣೆಯ ವಾರ್ಡ್‌ರೋಬ್‌ಗೆ ಎಂಆರ್ ಸಾಕಾಗಬಹುದು. ಸಿಂಕ್ ಕೆಳಗೆ ಅದನ್ನು ಹಾಕಿದರೆ ಹಲಗೆ ಬೇಗ ಉಬ್ಬುತ್ತದೆ. ಹಲಗೆಯ ಮೇಲಿನ ಐಎಸ್‌ಐ ಗುರುತಿನ ಜೊತೆ ಪರವಾನಗಿ ಸಂಖ್ಯೆ ಇರುತ್ತದೆ. ಅದನ್ನು ಭಾರತೀಯ ಮಾನಕ ಬ್ಯೂರೋದ ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಹಾಕಿ ಅಸಲಿಯೇ ಎಂದು ನೋಡಬಹುದು. ಗ್ರಾಹಕರ ಎದುರೇ ನೋಡುವುದು ಇನ್ನೂ ಒಳ್ಳೆಯದು.

ಆಚಾರ್ಯ ಉಮಾಸ್ವಾಮಿಗಳ ತತ್ವಾರ್ಥ ಸೂತ್ರದ ಏಳನೇ ಅಧ್ಯಾಯ ಅಚೌರ್ಯ ಅಣುವ್ರತದ ಐದು ಅತಿಚಾರಗಳನ್ನು ಹೇಳುತ್ತದೆ. ಅವುಗಳಲ್ಲಿ ಒಂದು ಹೀನಾಧಿಕ ಮಾನೋನ್ಮಾನ, ಅಂದರೆ ಅಳತೆ ತೂಕಗಳಲ್ಲಿ ಹೆಚ್ಚು ಕಡಿಮೆ ಮಾಡುವುದು. ಇನ್ನೊಂದು ಪ್ರತಿರೂಪಕ ವ್ಯವಹಾರ, ಅಂದರೆ ಒಳ್ಳೆಯ ವಸ್ತುವಿನ ಹೆಸರಿನಲ್ಲಿ ಅದರಂತೆ ಕಾಣುವ ಕೀಳು ವಸ್ತುವನ್ನು ಕೊಡುವುದು. ಚದರ ಅಡಿಯ ಲೆಕ್ಕವನ್ನು ಹಿಗ್ಗಿಸುವುದು ಮೊದಲನೆಯದು. ಮರೈನ್ ಎಂದು ಹೇಳಿ ಎಂಆರ್ ಹಾಕುವುದು ಎರಡನೆಯದು. ವ್ರತ ಪಾಲಿಸುವ ಶ್ರಾವಕರಿಗೆ ಈ ವೃತ್ತಿಯಲ್ಲಿ ನಿತ್ಯವೂ ಎದುರಾಗುವ ಪರೀಕ್ಷೆ ಇದು.

ಶುಲ್ಕವೋ, ಕಮಿಷನ್ನೋ?

ವಿನ್ಯಾಸಕರ ಆದಾಯಕ್ಕೆ ಮೂರು ದಾರಿಗಳಿವೆ. ಚದರ ಅಡಿಗೆ ಇಷ್ಟು ಎಂದು ವಿನ್ಯಾಸ ಶುಲ್ಕ ಪಡೆಯುವುದು, ಒಟ್ಟು ಖರ್ಚಿನ ಶೇಕಡಾವಾರು ಪಡೆಯುವುದು, ಅಥವಾ ಪೂರ್ತಿ ಗುತ್ತಿಗೆ (ಟರ್ನ್‌ಕೀ) ಹಿಡಿದು ಲಾಭ ಉಳಿಸಿಕೊಳ್ಳುವುದು. ಇವುಗಳ ಹೊರಗೆ ನಾಲ್ಕನೆಯದೊಂದಿದೆ: ಪ್ಲೈವುಡ್, ಟೈಲ್ಸ್, ಲೈಟಿನ ಅಂಗಡಿಯವರು ಬಿಲ್ಲಿನ ಮೇಲೆ ವಿನ್ಯಾಸಕರಿಗೆ ಕೊಡುವ ಕಮಿಷನ್. ಆ ಹಣ ಕೊನೆಗೆ ಬರುವುದು ಗ್ರಾಹಕರ ಜೇಬಿನಿಂದಲೇ. ಗ್ರಾಹಕರಿಗೆ ಗೊತ್ತಿಲ್ಲದೆ ಅದನ್ನು ಪಡೆದರೆ, ಅವರ ಪರವಾಗಿ ಆಯ್ಕೆ ಮಾಡಬೇಕಾದವರು ಅಂಗಡಿಯ ಪರವಾಗಿ ಆಯ್ಕೆ ಮಾಡಿದಂತೆ.

ಸಮಾಜದ ಯುವಜನರಿಗೆ ಈ ಪ್ರಶ್ನೆ ಇನ್ನೂ ಹತ್ತಿರದ್ದು. ಚಿಕ್ಕಪೇಟೆಯಲ್ಲೋ ನೆಲಮಂಗಲದಲ್ಲೋ ದೊಡ್ಡಪ್ಪನ ಅಥವಾ ಮಾವನ ಅಂಗಡಿ ಇರಬಹುದು. ಅಲ್ಲಿಂದ ಸಾಮಾನು ತರುವುದರಲ್ಲಿ ತಪ್ಪಿಲ್ಲ. ಸಾಲದ ಅವಧಿ ಸಿಗುತ್ತದೆ, ವಾಪಸ್ ಕೊಡುವುದೂ ಸುಲಭ. ಆದರೆ ಸಂಬಂಧಿಕರ ಅಂಗಡಿ ಎಂದು ಗ್ರಾಹಕರಿಗೆ ಮೊದಲೇ ತಿಳಿಸಿ, ಬೇರೆ ಅಂಗಡಿಯ ದರಪಟ್ಟಿಯನ್ನೂ ಪಕ್ಕದಲ್ಲಿಡಬೇಕು. ಅಂಗಡಿ ಕೊಡುವ ರಿಯಾಯಿತಿ ಗ್ರಾಹಕರಿಗೆ ಸೇರುತ್ತದೆಯೋ ವಿನ್ಯಾಸಕರಿಗೋ ಎಂಬುದನ್ನು ಒಪ್ಪಂದದಲ್ಲಿ ಒಂದು ಸಾಲಿನಲ್ಲಿ ಬರೆದುಬಿಟ್ಟರೆ ಮುಂದೆ ಮಾತಿಗೆ ಎಡೆಯಿರುವುದಿಲ್ಲ.

ಅಹಿಂಸೆಗೆ ಹೊಂದುವ ವಸ್ತುಗಳು, ಜೈನ ಮನೆಯ ಅಗತ್ಯಗಳು

ಶ್ರಾವಕಾಚಾರ ಗ್ರಂಥಗಳು ಗೃಹಸ್ಥರು ಬಿಡಬೇಕಾದ ಹದಿನೈದು ಬಗೆಯ ವ್ಯಾಪಾರಗಳನ್ನು ಕರ್ಮಾದಾನಗಳೆಂದು ಪಟ್ಟಿ ಮಾಡಿವೆ. ದಂತ ವಾಣಿಜ್ಯ, ಕೇಶ ವಾಣಿಜ್ಯ, ಲಾಕ್ಷಾ ವಾಣಿಜ್ಯ ಅದರಲ್ಲಿವೆ. ಲಾಕ್ಷಾ ಎಂದರೆ ಅರಗು. ಮರಕ್ಕೆ ಹಾಕುವ ಹಳೆಯ ಫ್ರೆಂಚ್ ಪಾಲಿಶ್ ತಯಾರಾಗುವುದು ಅರಗಿನ ಹುಳುವಿನ ಸ್ರಾವದಿಂದ. ಅದರ ಬದಲು ನೀರು ಆಧಾರಿತ ಪಿಯು ಪಾಲಿಶ್ ಸಿಗುತ್ತದೆ. ಚರ್ಮದ ಸೋಫಾ, ರೇಷ್ಮೆ ಪರದೆ, ಉಣ್ಣೆಯ ಕಾರ್ಪೆಟ್‌ಗಳಿಗೂ ಹತ್ತಿ, ಸೆಣಬು, ರೆಕ್ಸಿನ್‌ನಂಥ ಪರ್ಯಾಯಗಳಿವೆ. ದಕ್ಷಿಣ ಭಾರತದ ಪ್ಲೈವುಡ್‌ನಲ್ಲಿ ತೋಟದ ರಬ್ಬರ್ ಮರ, ನೀಲಗಿರಿ ಬಳಕೆಯಾಗುತ್ತವೆ. ಕಾಡಿನ ಮರವನ್ನು ತಪ್ಪಿಸಬಯಸುವವರು ಮೂಲ ಕೇಳಿ ಕೊಳ್ಳಬಹುದು.

ಹಿಂದೆ ಬಡಗಿಗಳು ಮರ ಅಂಟಿಸಲು ಪ್ರಾಣಿಗಳ ಮೂಳೆ, ಚರ್ಮದಿಂದ ಮಾಡಿದ ಸರೇಸನ್ನು ಕಾಯಿಸಿ ಬಳಸುತ್ತಿದ್ದರು. ಭಾರತದಲ್ಲಿ ಅದರ ಜಾಗಕ್ಕೆ ಬಂದದ್ದು ಫೆವಿಕಾಲ್. ಅದನ್ನು ತಂದ ಪಿಡಿಲೈಟ್ ಸಂಸ್ಥೆಯ ಸ್ಥಾಪಕ ಬಲವಂತ ಪಾರೇಖ್ (1925–2013) ಗುಜರಾತಿನ ಮಹುವಾದ ಜೈನ ಕುಟುಂಬದಲ್ಲಿ ಹುಟ್ಟಿದವರು. ಕಾನೂನು ಓದಿದರೂ ವಕೀಲಿ ಮಾಡದೆ, ಮುಂಬೈಯಲ್ಲಿ ಮರದ ವ್ಯಾಪಾರಿಯೊಬ್ಬರ ಕಚೇರಿಯಲ್ಲಿ ಜವಾನರಾಗಿ ದುಡಿದು, ಗೋದಾಮಿನಲ್ಲೇ ವಾಸಿಸಿದ್ದರು. 1959ರಲ್ಲಿ ಅವರು ಆರಂಭಿಸಿದ ಉದ್ಯಮಕ್ಕೆ ಮರಗೆಲಸದವರ ಕಷ್ಟದ ಅರಿವು ಬಂದದ್ದು ಇಂಥ ಹತ್ತಿರದ ಒಡನಾಟದಿಂದ.

ಜೈನ ಮನೆಗಳ ಒಳಾಂಗಣದಲ್ಲಿ ಪರಿಣತಿ ಪಡೆಯುವುದೂ ಒಂದು ಅವಕಾಶ. ಸೂರ್ಯಾಸ್ತಕ್ಕೆ ಮೊದಲು ಊಟ ಮಾಡುವ ಮನೆಯಲ್ಲಿ ಸಂಜೆಯ ಬೆಳಕು ಊಟದ ಜಾಗಕ್ಕೆ ಬರಬೇಕು. ನೀರು ಸೋಸಲು, ಕುದಿಸಿದ ನೀರು ಆರಿಸಲು, ಸೋಸುವ ಬಟ್ಟೆ ಒಣಗಿಸಲು ಕಟ್ಟೆಯ ಮೇಲೆ ಸ್ಥಳ ಬೇಕು. ದಿಗಂಬರ ಮುನಿಗಳು ನಿಂತು, ಕರಪಾತ್ರದಲ್ಲಿ ಆಹಾರ ಸ್ವೀಕರಿಸುತ್ತಾರೆ. ಆಹಾರದಾನ ಮಾಡುವ ಕುಟುಂಬಗಳಿಗೆ ಅಡುಗೆಮನೆಯ ಬಳಿ ಅಡೆತಡೆಯಿಲ್ಲದ, ಸುಲಭವಾಗಿ ಶುದ್ಧಿ ಮಾಡಬಹುದಾದ ಜಾಗ ಬೇಕು. ಶ್ವೇತಾಂಬರ ಮನೆಗಳಲ್ಲಿ ಗೃಹ ದೇರಾಸರವಿದ್ದರೆ ಅದರ ಸ್ಥಾನವನ್ನು ಮಹಾರಾಜ ಸಾಹೇಬರ ಮಾರ್ಗದರ್ಶನ ಪಡೆದೇ ನಿರ್ಧರಿಸಬೇಕು.

ಕೀಟಗಳ ವಿಷಯವೂ ವಿನ್ಯಾಸಕ್ಕೇ ಸೇರಿದ್ದು. ಜಿರಲೆಗಳು ಸೇರುವುದು ಕ್ಯಾಬಿನೆಟ್ ಕೆಳಗಿನ ಕತ್ತಲೆ, ಸಿಂಕ್ ಕೆಳಗಿನ ತೇವ, ಪೈಪಿನ ಸುತ್ತಲಿನ ಸಂದುಗಳಲ್ಲಿ. ಕ್ಯಾಬಿನೆಟ್‌ಗೆ ಕಾಲು ಕೊಟ್ಟು ಕಳಚಬಹುದಾದ ಸ್ಕರ್ಟಿಂಗ್ ಹಾಕಿದರೆ, ಪೈಪಿನ ತೂತುಗಳನ್ನು ಮುಚ್ಚಿದರೆ, ಸಿಂಕ್ ಕೆಳಗೆ ಗಾಳಿಯಾಡುವಂತೆ ಮಾಡಿದರೆ ಅವು ಸೇರುವುದೇ ಕಡಿಮೆಯಾಗುತ್ತದೆ. ವಿಷ ಸಿಂಪಡಿಸುವ ಪ್ರಸಂಗವೂ ಬರುವುದಿಲ್ಲ.

ಸ್ವಂತ ಉದ್ಯಮ: ಹಣದ ಲೆಕ್ಕ

6 ಲಕ್ಷ ರೂ. ಗುತ್ತಿಗೆಯಲ್ಲಿ 60 ಸಾವಿರ ಲಾಭ ಎಂದುಕೊಂಡರೆ, ಗ್ರಾಹಕರು ಕೊನೆಗೆ ಕೊಡಲು ಉಳಿಸಿಕೊಳ್ಳುವ ಶೇ. 10 ಕೂಡ 60 ಸಾವಿರವೇ. ಅಂದರೆ ಪೂರ್ತಿ ಲಾಭ ಕೊನೆಯ ಕಂತಿನಲ್ಲಿ ಸಿಕ್ಕಿಕೊಂಡಿರುತ್ತದೆ. ಗೃಹಪ್ರವೇಶ ಆಗಿ ಮನೆಯವರು ವಾಸಕ್ಕೆ ಬಂದ ಮೇಲೆ ಆ ಕಂತು ತಡವಾಗುವುದು ಸಾಮಾನ್ಯ. ಸಾಮಗ್ರಿ ತರುವ ಮೊದಲು, ಹಲಗೆ ಕತ್ತರಿಸುವ ಮೊದಲು, ಜೋಡಣೆಗೆ ಮೊದಲು ಎಂದು ಕಂತುಗಳನ್ನು ಹಂತಗಳಿಗೆ ಕಟ್ಟಬೇಕು. ನಕ್ಷೆಗೆ ಸಹಿಯಾದ ಮೇಲೆ ಬರುವ ಬದಲಾವಣೆಗೆ ಪ್ರತ್ಯೇಕ ಬೆಲೆ ಎಂದು ಮೊದಲೇ ಬರೆದುಕೊಳ್ಳಬೇಕು.

ಸೇವೆ ನೀಡುವವರ ವಾರ್ಷಿಕ ವಹಿವಾಟು 20 ಲಕ್ಷ ರೂ. ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ಪೂರ್ತಿ ಗುತ್ತಿಗೆ ಹಿಡಿದರೆ ಸಾಮಗ್ರಿಯ ಬೆಲೆಯೂ ವಹಿವಾಟಿಗೆ ಸೇರುತ್ತದೆ. 7 ಲಕ್ಷದ ಮೂರು ಮನೆಗಳಾದರೆ ಮಿತಿ ದಾಟಿತು. ಶುಲ್ಕ ಮಾತ್ರ ಪಡೆಯುವವರಿಗೆ ಈ ಹಂತ ಬರಲು ಸಮಯ ಹಿಡಿಯುತ್ತದೆ. ಆದಾಯ ತೆರಿಗೆ ಕಾನೂನು ಇಂಟೀರಿಯರ್ ಡೆಕೊರೇಷನ್ ಅನ್ನು ವಕೀಲಿ, ವೈದ್ಯಕೀಯದ ಜೊತೆ ವೃತ್ತಿಗಳ ಪಟ್ಟಿಯಲ್ಲಿಟ್ಟಿದೆ. ವರ್ಷದ ವೃತ್ತಿ ಆದಾಯ 50 ಲಕ್ಷ ರೂ. ಒಳಗಿರುವವರು ಅದರ ಅರ್ಧವನ್ನು ಲಾಭವೆಂದು ತೋರಿಸುವ ಸರಳ ವಿಧಾನವನ್ನು ಬಳಸಬಹುದು.

ವರ್ಕ್‌ಶಾಪ್ ತೆರೆಯುವವರಿಗೆ ಪ್ರಧಾನ ಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮ (ಪಿಎಂಇಜಿಪಿ) ಇದೆ. 2014ರ ಜನವರಿ 27ರಂದು ಜೈನರನ್ನು ರಾಷ್ಟ್ರೀಯ ಅಲ್ಪಸಂಖ್ಯಾತ ಸಮುದಾಯವೆಂದು ಅಧಿಸೂಚಿಸಿರುವುದರಿಂದ ಅವರು ಇದರ ವಿಶೇಷ ವರ್ಗದಲ್ಲಿ ಬರುತ್ತಾರೆ. 2025-26ರವರೆಗಿನ ನಿಯಮಗಳ ಪ್ರಕಾರ ವಿಶೇಷ ವರ್ಗದವರ ಸ್ವಂತ ಪಾಲು ಶೇ. 5, ಸಹಾಯಧನ ನಗರದಲ್ಲಿ ಶೇ. 25, ಗ್ರಾಮೀಣ ಪ್ರದೇಶದಲ್ಲಿ ಶೇ. 35. ಯೋಜನಾ ವೆಚ್ಚದ ಮಿತಿ ತಯಾರಿಕೆಗೆ 50 ಲಕ್ಷ, ಸೇವೆಗೆ 20 ಲಕ್ಷ ರೂ. ಇಲ್ಲೊಂದು ಸ್ಥಳೀಯ ಸೂಕ್ಷ್ಮವಿದೆ. ಪಂಚಾಯಿತಿ ವ್ಯಾಪ್ತಿ ಗ್ರಾಮೀಣ, ನಗರಸಭೆ ವ್ಯಾಪ್ತಿ ನಗರ ಎಂದು ಈ ಯೋಜನೆ ಎಣಿಸುತ್ತದೆ. ಅರಿಶಿನಕುಂಟೆ ನಗರಸಭೆಗೆ ಸೇರಿರುವುದರಿಂದ 10 ಲಕ್ಷದ ವರ್ಕ್‌ಶಾಪ್‌ಗೆ ಇಲ್ಲಿ ಎರಡೂವರೆ ಲಕ್ಷ, ಪಕ್ಕದ ಪಂಚಾಯಿತಿ ಹಳ್ಳಿಯಲ್ಲಾದರೆ ಮೂರೂವರೆ ಲಕ್ಷ. ಬಾಡಿಗೆ ಕರಾರು ಮಾಡಿಕೊಳ್ಳುವ ಮೊದಲೇ ಇದನ್ನೂ ಆಗಿನ ನಿಯಮಗಳನ್ನೂ ಬ್ಯಾಂಕಿನಲ್ಲಿ ವಿಚಾರಿಸಬೇಕು. ಅಲ್ಪಸಂಖ್ಯಾತ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕಬೇಕು. ಓದಿನ ಹಂತದಲ್ಲಿರುವವರು ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಸಾಲ ಯೋಜನೆಯಲ್ಲಿ ತಮ್ಮ ಕೋರ್ಸ್ ಸೇರಿದೆಯೇ ಎಂದು ಪ್ರವೇಶಕ್ಕೆ ಮೊದಲು ನೋಡಿಕೊಳ್ಳುವುದು ಲೇಸು.

ಈಗಲೇ ಮಾಡಬಹುದಾದದ್ದು

ಕೊನೆಯ ವರ್ಷದ ವಿದ್ಯಾರ್ಥಿಗಳು ತಮ್ಮ ಮನೆಯ ಒಂದು ವಾರ್ಡ್‌ರೋಬ್ ಮತ್ತು ಅಡುಗೆಮನೆಯನ್ನು ಅಳೆದು, ನಕ್ಷೆ, ಕಟಿಂಗ್ ಲಿಸ್ಟ್, ಮೂರು ಅಂಗಡಿಗಳ ದರಪಟ್ಟಿ ಸಹಿತ ಪೂರ್ತಿ ಅಂದಾಜು ತಯಾರಿಸಬಹುದು. ಅದನ್ನು ಅನುಭವಿ ಕಾರ್ಪೆಂಟರ್‌ಗೆ ತೋರಿಸಿ ತಪ್ಪುಗಳನ್ನು ಗುರುತು ಹಾಕಿಸಿಕೊಂಡರೆ, ಸಂದರ್ಶನಕ್ಕೆ ಕೊಂಡೊಯ್ಯಲು ಬಣ್ಣಬಣ್ಣದ ಚಿತ್ರಗಳಿಗಿಂತ ಬೆಲೆಯುಳ್ಳ ಕಡತವೊಂದು ಕೈಯಲ್ಲಿರುತ್ತದೆ. ಸಮಾಜದ ಪ್ಲೈವುಡ್, ಹಾರ್ಡ್‌ವೇರ್, ಟೈಲ್ಸ್ ವ್ಯಾಪಾರಿಗಳು ರಜೆಯ ಎರಡು ತಿಂಗಳು ಇಂಥ ಮಕ್ಕಳನ್ನು ಅಂಗಡಿಯಲ್ಲಿ ಕೂರಿಸಿಕೊಂಡು ವಸ್ತುಗಳ ಪರಿಚಯ ಮಾಡಿಸಿದರೆ, ಯಾವ ಕೋರ್ಸಿನಲ್ಲಿಯೂ ಸುಲಭವಾಗಿ ಸಿಗದ ಪಾಠ ಅವರಿಗೆ ಸಿಗುತ್ತದೆ.